ಅಜ್ಜನ ವಿಂಚೆಸ್ಟರ್‌ಗೆ ಗರಗಸ ಹಾಕುವ ಮುಂಚೆ

ಪ್ರಶ್ನೆ: ನಮ್ಮದು ವಿರಾಜಪೇಟೆ ಕಡೆ. ಅಜ್ಜ 1958ರಲ್ಲಿ ಕೊಂಡಿದ್ದ ಅಮೆರಿಕದ ವಿಂಚೆಸ್ಟರ್ ಮಾಡೆಲ್ 70 ರೈಫಲ್ (.30-06 ಬೋರ್, ಅಂದರೆ ತೋಟಾದ ಅಳತೆ) ಈಗ ನನ್ನ ಪಾಲಿಗೆ ಬಂದಿದೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು ಕೊಡವರಿಗೆ ಕೊಡುವ ವಿನಾಯಿತಿ ಪತ್ರ ನನ್ನ ಹೆಸರಿಗೆ ಆಗಿದೆ. ಕೆಲಸ ಬೆಂಗಳೂರಿನಲ್ಲಿ, ಊರಿಗೆ ಹೋದಾಗ ಮಾತ್ರ ರೈಫಲ್ ಕೈಗೆ ಬರುತ್ತದೆ. ಬ್ಯಾರಲ್ 24 ಇಂಚು ಉದ್ದ, ಬಾಯಿ ಹತ್ತಿರ ತುಕ್ಕು ಹಿಡಿದಿದೆ, ಗುರಿ ಮೊದಲಿನಂತೆ ಕೂರುತ್ತಿಲ್ಲ. ಭುಜಕ್ಕೆ ಒದೆತವೂ ಜೋರು. ನಾಲ್ಕು ಇಂಚು ಕತ್ತರಿಸಿ, ತುದಿಗೆ ಥ್ರೆಡ್ (ತಿರುಪಿನ ಗೆರೆ) ಹಾಕಿಸಿ, ಪ್ಲಾಸ್ಟಿಕ್ ಸ್ಟಾಕ್ (ಭುಜಕ್ಕೆ ಒತ್ತಿ ಹಿಡಿಯುವ ಭಾಗ) ಮತ್ತು ಗುರಿ ನೋಡುವ ಸ್ಕೋಪ್ ಕೂರಿಸೋಣ ಅಂತಿದ್ದೇನೆ. ಪರಿಚಯದವರೊಬ್ಬರು ಬ್ಯಾರಲ್ಲನ್ನೇ .308ಕ್ಕೆ ಬದಲಿಸಿಬಿಡಿ, ತೋಟಾ ಸುಲಭ ಅನ್ನುತ್ತಾರೆ. ಕಾನೂನಿನಲ್ಲಿ ಇದಕ್ಕೆಲ್ಲ ಅವಕಾಶ ಇದೆಯಾ? ಇದ್ದರೂ ಮಾಡಿಸುವುದು ಸರಿಯಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಸ್ಕೋಪ್ ಹಾಕಿಸಿ. ಬೇರೆ ಸ್ಟಾಕ್ ಬೇಕೇ ಬೇಕು ಅನಿಸಿದರೆ ಹಾಕಿಸಿ, ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಡಿ. ಬ್ಯಾರಲ್ ಕತ್ತರಿಸಬೇಡಿ. ಥ್ರೆಡ್ ಬೇಡವೇ ಬೇಡ. .308 ಮಾಡಿಸಿ ಅಂದವರ ಹತ್ತಿರ ರೈಫಲ್ಲನ್ನು ಒಂದು ರಾತ್ರಿಯೂ ಬಿಟ್ಟು ಬರಬೇಡಿ.

ರಿಪೇರಿ ಮೇಜಿನ ಮುಂದೆ ಕೂತು ನನಗೆ ಮೂವತ್ತು ವರ್ಷ ದಾಟಿದೆ. ಇಂಥ ಬೇಡಿಕೆ ಹೊತ್ತು ಬರುವವರನ್ನು ನಾನು ಕೇಳುವುದು ಒಂದೇ. ನಾಳೆ ಇದು ಬೇಡ ಅನಿಸಿದರೆ, ಒಂದು ಸಂಜೆ ಸ್ಕ್ರೂಡ್ರೈವರ್ ಹಿಡಿದು ಕೂತು ಮೊದಲಿನಂತೆ ಮಾಡಬಹುದಾ? ಮಾಡಬಹುದು ಅಂದರೆ ಮುಂದೆ ಮಾತಾಡೋಣ. ಆಗಲ್ಲ ಅಂದರೆ ನನ್ನ ಕೈ ಹಿಂದೆ ಸರಿಯುತ್ತದೆ. ಕಾನೂನೂ ಹೆಚ್ಚುಕಡಿಮೆ ಅಲ್ಲೇ ಗೆರೆ ಎಳೆದಿದೆ. ಅದರ ಕಣ್ಣಿರುವುದು ಮೂರರ ಮೇಲೆ: ಉದ್ದ, ಬೋರ್, ನಂಬರ್.

ಮೊದಲು ಉದ್ದ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 6 ಓದಲು ಎರಡು ನಿಮಿಷ ಸಾಕು. ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ಯಾರೂ ಬಂದೂಕಿನ ಬ್ಯಾರಲ್ ಮೊಟಕು ಮಾಡುವಂತಿಲ್ಲ. ಇಷ್ಟು ಇಂಚಿನವರೆಗೆ ಪರವಾಗಿಲ್ಲ ಎನ್ನುವ ರಿಯಾಯಿತಿ ಅಲ್ಲಿಲ್ಲ. ನಿಮ್ಮ ವಯಸ್ಸಿನವರು ಬಂದು ‘16 ಇಂಚಿಗಿಂತ ಜಾಸ್ತಿ ಇದ್ದರೆ ಸಾಕಲ್ವಾ ಸಾರ್’ ಅನ್ನುತ್ತಾರೆ. ಅದು ಅಮೆರಿಕದ ಲೆಕ್ಕ, ಯೂಟ್ಯೂಬ್‌ನಿಂದ ಬಂದದ್ದು. ಇನ್ನು ಕೆಲವರು 20 ಇಂಚು ಅನ್ನುತ್ತಾರೆ. ಅದು ನಮ್ಮದೇ ನಿಯಮದ್ದು, ಆದರೆ ಒಳಗೆ ಸುತ್ತುಗೆರೆ ಇಲ್ಲದ ನಯ ನಳಿಗೆಯ ಕೋವಿಗೆ ಸಂಬಂಧಿಸಿದ್ದು. ನಿಮ್ಮ ರೈಫಲ್‌ಗೆ ಎರಡೂ ಅನ್ವಯಿಸುವುದಿಲ್ಲ. ನಾಲ್ಕು ಇಂಚಲ್ಲ, ನಾಲ್ಕು ನೂಲು ಕತ್ತರಿಸಿದರೂ ಅದು ಮೊಟಕು ಮಾಡಿದ ಹಾಗೇ.

ಶಿಕ್ಷೆ ಎಷ್ಟು ಗೊತ್ತಾ? ಲೈಸೆನ್ಸ್ ಇಲ್ಲದೆ ಬ್ಯಾರಲ್ ಮೊಟಕು ಮಾಡುವುದು ಸೆಕ್ಷನ್ 25ರಲ್ಲಿ, ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವವರ ಸಾಲಿನಲ್ಲೇ ಬರುತ್ತದೆ. 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಗರಗಸ ಹಿಡಿದವನದಷ್ಟೇ ತಪ್ಪು, ಮಾಡಿಸಿದ ನನ್ನದೇನಿಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಮೋಟು ರೈಫಲ್ ಸಿಗುವುದು ನಿಮ್ಮ ಮನೆಯಲ್ಲಿ.

ಕೊಡವರಿಗೆ ವಿನಾಯಿತಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಶುರುವಾದದ್ದು, ಜಮ್ಮಾ ಹಿಡುವಳಿದಾರರಿಗೂ (ಕೊಡಗಿನ ಹಳೆಯ ವಂಶಪಾರಂಪರ್ಯ ಜಮೀನು ಉಳ್ಳವರಿಗೂ) ಸೇರಿ ಇವತ್ತಿಗೂ ನಡೆದುಬಂದಿದೆ. 2019ರಲ್ಲಿ ಕೇಂದ್ರ ಅದನ್ನು 2029ರ ತನಕ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ಆದರೆ ಅದು ಕೊಡುವುದು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ, ಒಯ್ಯುವ ಹಕ್ಕು. ಕತ್ತರಿಸುವ ಹಕ್ಕಲ್ಲ, ಬೋರ್ ಬದಲಿಸುವ ಹಕ್ಕಲ್ಲ. ಇನ್ನೊಂದು ಮಾತು. ಜಿಲ್ಲೆಯಿಂದ ಹೊರಗೆ ಒಯ್ಯುವುದಕ್ಕೂ ಮಿತಿ ಇದೆ: ಒಂದು ರೈಫಲ್, 100 ತೋಟಾ, ಒಂದು ನಯ ನಳಿಗೆಯ ಕೋವಿ, 500 ತೋಟಾ. ಬೆಂಗಳೂರಿನ ಫ್ಲ್ಯಾಟ್‌ಗೆ ತರುವ ಯೋಚನೆ ಇದ್ದರೆ ಪತ್ರದ ಮೂಲಪ್ರತಿ ಜೊತೆಗೇ ಇರಲಿ. ಬೆಂಗಳೂರಿನ ನಾಕಾಬಂದಿಯಲ್ಲಿ ನಿಂತ ಪೊಲೀಸರಿಗೆ ಕೊಡಗಿನ ಇತಿಹಾಸ ಗೊತ್ತಿರಬೇಕು ಅಂತೇನೂ ಇಲ್ಲ.

ಈಗ .308. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಗರಗಸಕ್ಕಿಂತ ಇದೇ. .30-06, .308 ಎರಡರ ಗುಂಡಿನ ದಪ್ಪ ಒಂದೇ. ತೋಟಾದ ಕವಚ ಮಾತ್ರ ಬೇರೆ: ಮೊದಲನೆಯದು 63 ಮಿಲಿಮೀಟರ್, ಎರಡನೆಯದು 51. ಆ 51ರಲ್ಲೇ ಇರುವುದು ವಿಷಯ. ನಮ್ಮ ಸೈನ್ಯ ತನ್ನ ಎಸ್‌ಎಲ್‌ಆರ್ ರೈಫಲ್‌ನಲ್ಲಿ ಹಾಕಿ ಹೊಡೆದದ್ದು 7.62×51. .308ರ ಗೂಡಿನಲ್ಲಿ, ಅಂದರೆ ಬ್ಯಾರಲ್ ಹಿಂದೆ ತೋಟಾ ಕೂರುವ ಜಾಗದಲ್ಲಿ, ಅದು ಸಲೀಸಾಗಿ ಕೂರುತ್ತದೆ. ಸೈನ್ಯದ .303 ಅಥವಾ 7.62 ತೋಟಾ ಹಾಕಿ ಹೊಡೆಯಬಹುದಾದ ಬೋಲ್ಟ್ ರೈಫಲ್‌ಗಳನ್ನು (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವಂಥವು) ನಮ್ಮ ನಿಯಮಗಳು ನಿಷೇಧಿತ ವರ್ಗಕ್ಕೆ ಸೇರಿಸಿವೆ. ಅಂದರೆ ಬರೀ ಬ್ಯಾರಲ್ ಬದಲಿಸಿ ಅಜ್ಜನ ಸಾಮಾನ್ಯ ರೈಫಲ್ಲನ್ನು ನೀವು ನಿಷೇಧಿತ ಬೋರ್ ಮಾಡಿಕೊಂಡ ಹಾಗಾಯಿತು. ಸೆಕ್ಷನ್ 6ಕ್ಕೆ 2019ರಲ್ಲಿ ಇನ್ನೊಂದು ಸಾಲೂ ಸೇರಿದೆ: ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವಂತಿಲ್ಲ.

ಈ ‘ಸೈನ್ಯದ ತೋಟಾ ಜನರ ಕೈಯಲ್ಲಿ ಬೇಡ’ ಎನ್ನುವುದು ಇಂದು ನಿನ್ನೆಯದಲ್ಲ. ಬ್ರಿಟಿಷರು 1907ರ ಸುಮಾರಿಗೆ .450 ಬೋರನ್ನು ಇಂಡಿಯಾಕ್ಕೆ ಬರದಂತೆ ತಡೆದರು. ಲಂಡನ್ನಿನ ಬಂದೂಕು ಮನೆಗಳು ಗಿರಾಕಿಗಳನ್ನು ಕಳೆದುಕೊಳ್ಳಬಾರದು ಅಂತ .470ರಂಥ ಹೊಸ ಬೋರುಗಳನ್ನು ಹುಟ್ಟಿಸಿದವು. ನಮ್ಮ ಇಶಾಪುರ ಕಾರ್ಖಾನೆಯ .315 ರೈಫಲ್ ಜನರ ಬಂದೂಕಾಗಿ ಬೆಳೆದದ್ದೂ .303 ಸಿಗದ ಕಾರಣಕ್ಕೇ. ನಿಮ್ಮ ಅಜ್ಜ .30-06 ಆರಿಸಿದ್ದರಲ್ಲೂ ಈ ಲೆಕ್ಕಾಚಾರ ಇದ್ದಿರಬೇಕು. ಆ ಕಾಲದ ಎಸ್ಟೇಟಿನವರು ಈ ವಿಷಯದಲ್ಲಿ ವಕೀಲರಿಗೇನೂ ಕಡಿಮೆ ಇರಲಿಲ್ಲ.

ಅಂದ ಹಾಗೆ, ನಿಮ್ಮ ವಿನಾಯಿತಿ ಪತ್ರದಲ್ಲಿ ಬೋರ್ ಏನಂತ ಬರೆದಿದೆ, ಈಗಲೇ ನೋಡಿ. .30 ಇಂಚನ್ನು ಮಿಲಿಮೀಟರಿಗೆ ತಿರುಗಿಸಿದರೆ 7.62 ಬರುತ್ತದೆ. ಬುದ್ಧಿವಂತ ಗುಮಾಸ್ತರೊಬ್ಬರು ಹಾಗೆ ತಿರುಗಿಸಿ ಬರೆದ ಪತ್ರ ನನ್ನ ಮೇಜಿಗೇ ಬಂದಿತ್ತು. ಕಾಗದದ ಪ್ರಕಾರ ಆ ಮನುಷ್ಯನ ಮನೆಯಲ್ಲಿದ್ದದ್ದು ನಿಷೇಧಿತ ಬೋರ್! ನಿಮ್ಮದರಲ್ಲಿ ‘.30-06’ ಅಂತ ಬಿಡಿಬಿಡಿಯಾಗಿ ಇರಬೇಕು. ಇಲ್ಲದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ತಿದ್ದುಪಡಿ ಅರ್ಜಿ ಕೊಡಿ.

ಥ್ರೆಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಮ್ಮ ಮನಸ್ಸಿನಲ್ಲಿರುವುದು ಒದೆತ ಕಡಿಮೆ ಮಾಡುವ ಮಜಲ್ ಬ್ರೇಕ್ ಅಂತ ಒಪ್ಪುತ್ತೇನೆ. ಆದರೆ ಅದೇ ಥ್ರೆಡ್‌ಗೆ ಸೈಲೆನ್ಸರ್ ಕೂಡ ಕೂರುತ್ತದೆ. ಶಬ್ದವನ್ನೋ ಬೆಂಕಿಯ ಮಿಂಚನ್ನೋ ತಗ್ಗಿಸುವ ಸಾಮಾನು ನಮ್ಮ ಕಾಯ್ದೆಯಲ್ಲಿ ಬಂದೂಕಿಗೇ ಸಮ, ಅದೂ ನಿಷೇಧಿತ ವರ್ಗದ್ದು. ಕಾಡಿನಂಚಿನ ಊರಲ್ಲಿ ಬಾಯಿಗೆ ಥ್ರೆಡ್ ಇರುವ ರೈಫಲ್ ಕಂಡರೆ ಅರಣ್ಯ ಇಲಾಖೆಯವರು ಬ್ರೇಕ್ ಅಂತ ಅಂದುಕೊಳ್ಳುತ್ತಾರಾ, ನೀವೇ ಹೇಳಿ.

ಮೂರನೆಯದು ನಂಬರ್. ನೀವು ಕೇಳಿಲ್ಲ, ಆದರೆ ತುಕ್ಕು ಅಂದಿರಲ್ಲ, ಹಾಗಾಗಿ ಹೇಳಬೇಕು. ತುಕ್ಕು ತೆಗೆದು ಹೊಸದಾಗಿ ನೀಲಿ ಬಣ್ಣ ಏರಿಸಿಕೊಡುತ್ತೇವೆ ಎನ್ನುವವರು ಎಲ್ಲ ಕಡೆ ಇದ್ದಾರೆ. ಪಾಲಿಶ್ ಚಕ್ರಕ್ಕೆ ಹಿಡಿದರೆ ಉಕ್ಕಿನ ಮೇಲ್ಪದರದ ಜೊತೆ ಅಕ್ಷರವೂ ಹೋಗುತ್ತದೆ. ನನಗೆ ಗೊತ್ತಿದ್ದ ಹಿರಿಯರೊಬ್ಬರು ಹೀಗೇ ಒಂದು ರೈಫಲ್ಲನ್ನು ಫಳಫಳ ಮಾಡಿಸಿ ತಂದರು. ಎಲೆಕ್ಷನ್ ಬಂತು, ಠಾಣೆಯಲ್ಲಿ ಜಮಾ ಮಾಡಲು ಹೋದರು. ಕಾನ್‌ಸ್ಟೇಬಲ್ ಟಾರ್ಚ್ ಹಾಕಿ ನಂಬರ್ ಓದಿದ. 8 ಇರಬೇಕಾದಲ್ಲಿ 3 ಕಂಡಿತು. ನಂಬರ್ ಅಳಿಸಿದ್ದರೆ ಅದನ್ನು ಅಳಿಸಿದವನು ಬಂದೂಕು ಇಟ್ಟುಕೊಂಡವನೇ ಅಂತ ಸೆಕ್ಷನ್ 8 ಊಹಿಸುತ್ತದೆ. ಅಲ್ಲ ಅಂತ ಸಾಬೀತು ಮಾಡುವುದು ನಮ್ಮ ಪಾಡು. ಅವರು ಸಾಬೀತು ಮಾಡಿದರು, ಆದರೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಠಾಣೆಯ ಮೂಲೆಯಲ್ಲಿ ಕೂತ ರೈಫಲ್‌ಗೆ ಮೊದಲಿಗಿಂತ ಜಾಸ್ತಿ ತುಕ್ಕು ಹಿಡಿದಿತ್ತು.

ನಿಮ್ಮ ರೈಫಲ್‌ನಲ್ಲಿ ಸೀರಿಯಲ್ ನಂಬರ್ ಇರುವುದು ರಿಸೀವರ್‌ನ (ಬೋಲ್ಟ್ ಓಡಾಡುವ ಉಕ್ಕಿನ ಮೈ) ಮುಂಭಾಗ, ಬಲಗಡೆ. ಬೋಲ್ಟ್ ಹೊರಗೆ ತೆಗೆದು ಅಡಿ ನೋಡಿದರೆ ಅಲ್ಲೂ ಅದೇ ನಂಬರ್ ಪೆನ್ಸಿಲ್ಲಿನಲ್ಲಿ ಗೀಚಿದ ಹಾಗೆ ಸಣ್ಣಗೆ ಕಾಣಬೇಕು. ಎರಡೂ ಒಂದೇ ಇದೆಯಾ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಬೋಲ್ಟ್ ಬೇರೆ ಆಗಿದ್ದರೆ ಅದು ಕಾಗದದ ತೊಂದರೆ ಮಾತ್ರ ಅಲ್ಲ. ತೋಟಾ ಗೂಡಿನಲ್ಲಿ ಸರಿಯಾಗಿ ಬಿಗಿದು ಕೂರುತ್ತದಾ ಅಂತ ಗೇಜ್ ಹಾಕಿ ನೋಡುವ ತನಕ ಒಂದು ಗುಂಡೂ ಹೊಡೆಯಬೇಡಿ.

ಇಷ್ಟು ಬೇಡಗಳಾದವು. ನಿಮ್ಮ ನಿಜವಾದ ತೊಂದರೆ ಗುರಿ ಮತ್ತು ಭುಜ. ಎರಡಕ್ಕೂ ಗರಗಸ ಮದ್ದಲ್ಲ. ಬ್ಯಾರಲ್ ಮೋಟಾದರೆ ರೈಫಲ್ ಹಗುರ ಆಗುತ್ತದೆ, ಒದೆತ ಇನ್ನೂ ಜಾಸ್ತಿ ಆಗುತ್ತದೆ. ಸದ್ದು, ಬೆಂಕಿ ಎರಡೂ ಮುಖದ ಹತ್ತಿರ ಬರುತ್ತವೆ. ಮುಂದಿನ ಗುರಿಕಾಳು ಕತ್ತರಿಸಿದ ತುಂಡಿನ ಜೊತೆಗೇ ಹೋಗುತ್ತದೆ, ಅದನ್ನು ಮತ್ತೆ ಕೂರಿಸುವುದು ಇನ್ನೊಂದು ಕೆಲಸ.

ಗುರಿ ಯಾಕೆ ತಪ್ಪುತ್ತಿದೆ ಅಂತ ಮೊದಲು ಹುಡುಕೋಣ. ಮೂರು ಕಡೆ ನೋಡಿ. ಮುಟ್ಟುವ ಮುಂಚೆ ಬೋಲ್ಟ್ ಎಳೆದು, ಗೂಡು ಮತ್ತು ಮ್ಯಾಗಜೀನ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ಕಿರುಬೆರಳಲ್ಲೂ ಖಚಿತ ಮಾಡಿಕೊಳ್ಳಿ.

ಒಂದು, ಮರ. ನಿಮ್ಮ ಕಡೆ ಮಳೆಗಾಲ ಅಂದರೆ ಗೋಡೆಯೂ ಬೆವರುವ ಕಾಲ. ವಾಲ್‌ನಟ್ ಸ್ಟಾಕ್ ನೀರು ಕುಡಿದು ಉಬ್ಬಿ ಬ್ಯಾರಲ್ಲನ್ನು ಒಂದು ಬದಿಗೆ ಒತ್ತುತ್ತದೆ. ಜುಲೈಯಲ್ಲಿ ಎಡಕ್ಕೆ ಹೊಡೆಯುವ ರೈಫಲ್ ಫೆಬ್ರವರಿಯಲ್ಲಿ ತಾನಾಗೇ ಸರಿಯಾದರೆ ಅದು ಮರದ್ದೇ ಕೆಲಸ. ಹಳೆಯ ಮಾಡೆಲ್ 70ರಲ್ಲಿ ಇನ್ನೊಂದು ಕೀಟಲೆ ಇದೆ. ಅಡಿಯಲ್ಲಿ ಮೂರು ಸ್ಕ್ರೂ ಸಾಲದು ಅಂತ ಮುಂಗೈ ಹಿಡಿಯುವ ಜಾಗದಲ್ಲಿ ನಾಲ್ಕನೆಯದೊಂದು ಬ್ಯಾರಲ್ಲಿಗೇ ಸೇರುತ್ತದೆ. ಅದು ಅತಿಯಾಗಿ ಬಿಗಿದಿದ್ದರೂ ಗುಂಡು ಅಲೆಯುತ್ತದೆ, ಸಡಿಲ ಇದ್ದರೂ ಅಲೆಯುತ್ತದೆ. ಮೂರರಲ್ಲಿ ಮುಂದಿನ ಮತ್ತು ಹಿಂದಿನ ಸ್ಕ್ರೂ ಬಿಗಿ ಇರಬೇಕು, ನಡುವಿನದು ಕೈ ಬಿಗಿತಕ್ಕೆ ನಿಲ್ಲಬೇಕು. ಇಷ್ಟನ್ನೇ ಸರಿ ಮಾಡಿ ಕಳಿಸಿದ ರೈಫಲ್‌ಗಳು ಎಷ್ಟೋ. ಗಿರಾಕಿಗಳು ‘ಅಷ್ಟೇನಾ?’ ಅಂತ ನಿರಾಸೆ ಪಡುತ್ತಾರೆ.

ಎರಡು, ತಾಮ್ರ. ಗುಂಡಿನ ಹೊರಕವಚದ ತಾಮ್ರ ವರ್ಷಗಟ್ಟಲೆ ಬ್ಯಾರಲ್ ಒಳಗೆ ಮೆತ್ತಿಕೊಂಡಿರುತ್ತದೆ. ಸಾದಾ ಎಣ್ಣೆಗೆ ಅದು ಬಿಡುವುದಿಲ್ಲ. ಅಮೋನಿಯಾ ಇರುವ ಬೋರ್ ಸಾಲ್ವೆಂಟ್ ಹಾಕಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಬಿಳಿ ಬಟ್ಟೆ ತುಂಡು ತಳ್ಳಿ. ಹಸಿರು ನೀಲಿಯಾಗಿ ಹೊರಬಂದರೆ ತಾಮ್ರ ಇನ್ನೂ ಇದೆ ಅಂತ. ಬಟ್ಟೆ ಬಿಳಿಯಾಗಿಯೇ ಬರುವ ತನಕ ಮಾಡಿ, ಕೊನೆಗೆ ಎಣ್ಣೆ. ಎರಡು ಮೂರು ಸಂಜೆ ಹಿಡಿಯಬಹುದು.

ಮೂರು, ಬಾಯಿ. ಗುಂಡು ಕೊನೆಯದಾಗಿ ಮುಟ್ಟುವುದು ಅದನ್ನೇ, ಅಲ್ಲಿ ಒಂದು ಕಡೆ ತಿಂದಿದ್ದರೂ ಗುಂಡು ವಾಲುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿ ತಗೊಳ್ಳಿ. ಬಾಯೊಳಗೆ ಅರ್ಧ ಇಂಚು ಇಟ್ಟು, ಅಂಚಿಗೆ ತಾಗಿಸುತ್ತಾ ಹೊರಗೆ ಎಳೆಯಿರಿ. ಸುತ್ತಲೂ ಹೀಗೆ ಮಾಡಿ. ಎಲ್ಲಾದರೂ ಹತ್ತಿ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುರುಕು ಇದೆ. ಎಲ್ಲೂ ಸಿಕ್ಕಿಕೊಳ್ಳದಿದ್ದರೆ ನಿಮ್ಮ ತುಕ್ಕು ಹೊರಗಿನದು ಮಾತ್ರ. ಎಣ್ಣೆ ಹಚ್ಚಿ ಮೆತ್ತಗೆ ಉಜ್ಜಿದರೆ ಹೋಗುತ್ತದೆ.

ಆ ತುಕ್ಕು ಬಾಯಲ್ಲೇ ಯಾಕೆ ಬಂತು ಅಂತಲೂ ಊಹಿಸಬಲ್ಲೆ. ಸೆಪ್ಟೆಂಬರ್‌ನಲ್ಲಿ ನಿಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗಳನ್ನೆಲ್ಲ ದೇವರ ಮುಂದೆ ಇಟ್ಟು ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುತ್ತೀರಲ್ಲ, ಆ ಹಸಿ ದಂಟು. ಪೂಜೆ ಆದ ಮೇಲೆ ತೆಗೆಯಲು ಮರೆತರೆ ಮಳೆಯ ಥಂಡಿಗೆ ಒಂದೇ ವಾರ ಸಾಕು. ಎರಡನೆಯ ಅನುಮಾನ ಶುಚಿ ಮಾಡುವ ಸಲಾಕೆ. ಹಿಂದಿನವರು ತುಂಡು ತುಂಡಾಗಿ ಜೋಡಿಸುವ ಕಬ್ಬಿಣದ ಸಲಾಕೆಯನ್ನು ಬಾಯಿಂದ ತೂರಿಸಿ ಗಸಗಸ ಎಳೆಯುತ್ತಿದ್ದರು, ಅಂಚು ಸವೆಯುತ್ತಿತ್ತು. ನೀವು ಬೋಲ್ಟ್ ತೆಗೆದು ಹಿಂದಿನಿಂದ ತೂರಿಸಿ.

ಬಾಯಿ ನಿಜವಾಗಿ ಕೆಟ್ಟಿದ್ದರೂ ಉದ್ದ ಕಡಿಮೆ ಮಾಡದ ದಾರಿ ಇದೆ. ತುದಿಯಿಂದ ಸ್ವಲ್ಪ ದೂರ ಒಳಗಿನ ತೂತನ್ನಷ್ಟೇ ಅಗಲ ಮಾಡುತ್ತಾರೆ. ಗುಂಡು ಬಿಡುವ ಅಂಚು ಕೆಡದ ಜಾಗಕ್ಕೆ ಒಳಸರಿಯುತ್ತದೆ, ಹೊರಗಿನ ಅಳತೆ 24 ಇಂಚೇ ಉಳಿಯುತ್ತದೆ. ಹಳೆಯ ಸೈನ್ಯದ ರೈಫಲ್‌ಗಳಿಗೆ ಹೀಗೆ ಮಾಡುತ್ತಿದ್ದರು. ಇದು ನನ್ನ ಸ್ಕ್ರೂಡ್ರೈವರ್ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ, ಒಪ್ಪುತ್ತೇನೆ. ಹಾಗಾಗಿ ಉಳಿದದ್ದೆಲ್ಲ ಮಾಡಿ ನೋಡಿದ ಮೇಲೆ ಮಾತ್ರ. ಮಾಡುವವರ ಹತ್ತಿರ ರಿಪೇರಿ ಲೈಸೆನ್ಸ್ ಇರಬೇಕು, ಸೆಕ್ಷನ್ 5ರ ಪ್ರಕಾರ ಲೈಸೆನ್ಸ್ ಇಲ್ಲದವರು ರಿಪೇರಿಯನ್ನೂ ಮಾಡುವಂತಿಲ್ಲ. ಏನು ಮಾಡುತ್ತಾರೆ, ಅಳತೆ ಎಷ್ಟು ಉಳಿಯುತ್ತದೆ ಅಂತ ಅವರಿಂದ ಬರೆಸಿಕೊಳ್ಳಿ, ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಪ್ಪಿಗೆ ಕಾಗದದಲ್ಲಿ ಬಂದ ಮೇಲೆ ಕೆಲಸಕ್ಕೆ ಬಿಡಿ. ಫೋನಿನಲ್ಲಿ ‘ಆಯ್ತು, ಮಾಡ್ಸಿ’ ಅಂದದ್ದು ಲೆಕ್ಕಕ್ಕಿಲ್ಲ.

ಸ್ಕೋಪ್ ವಿಷಯದಲ್ಲಿ ನೀವು ಅದೃಷ್ಟವಂತರು. ರಿಸೀವರ್ ಮೇಲೆ ದೀಪ ಹಿಡಿದು ನೋಡಿ, ಎಳ್ಳಿನಷ್ಟು ದೊಡ್ಡ ಸ್ಕ್ರೂ ತಲೆಗಳು ಕಾಣುತ್ತವೆ. ಯುದ್ಧದ ನಂತರದ ಮಾಡೆಲ್ 70ಗಳಿಗೆ ಕಾರ್ಖಾನೆಯಲ್ಲೇ ಸ್ಕೋಪಿಗೆ ತೂತು ಕೊರೆದು, ಧೂಳು ಹೋಗದಂತೆ ಹೀಗೆ ಮುಚ್ಚಿ ಕಳಿಸುತ್ತಿದ್ದರು. ಅವನ್ನು ಬಿಚ್ಚಿ ಅದೇ ಅಳತೆಯ ಮೌಂಟ್ ಕೂರಿಸಿದರೆ ಆಯಿತು, ಡ್ರಿಲ್ ಮುಟ್ಟಿಸುವಂತಿಲ್ಲ. ಮೌಂಟ್ ಕೂರುತ್ತಿಲ್ಲ, ಒಂದು ಹೊಸ ತೂತು ಕೊರೆಯಬೇಕು ಅಂತ ಯಾರಾದರೂ ಅಂದರೆ ಅವರ ಮೌಂಟ್ ತಪ್ಪು. ಬಿಚ್ಚಿದ ಆ ಪುಟ್ಟ ಸ್ಕ್ರೂಗಳನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಮೇಲೆ ಹೆಸರು ಬರೆದಿಡಿ.

ಒದೆತಕ್ಕೆ ಕಾರಣ ಸ್ಟಾಕ್‌ನ ಹಿಂಭಾಗದಲ್ಲೇ ಇದೆ. ಅಲ್ಲಿರುವುದು ಚೌಕುಳಿ ಕೆತ್ತಿದ ಉಕ್ಕಿನ ತಟ್ಟೆ. ತೆಳು ಅಂಗಿ ಹಾಕಿಕೊಂಡು ಹೊಡೆದರೆ ಭುಜದ ಮೇಲೆ ಆ ಚೌಕುಳಿಯೇ ಮೂಡುತ್ತದೆ. ಕಾಲುಚೀಲದಂತೆ ಹಿಂದಿನಿಂದ ತೊಡಿಸುವ ರಬ್ಬರ್ ಪ್ಯಾಡ್ ಬರುತ್ತದೆ. ಮರ ಕತ್ತರಿಸಬೇಕಿಲ್ಲ, ಸ್ಕ್ರೂ ಕೂಡ ಬೇಡ. ಮೊದಲು ಅದನ್ನು ಹಾಕಿ ಹತ್ತು ಗುಂಡು ಹೊಡೆದು ನೋಡಿ. ಆಮೇಲೂ ಪ್ಲಾಸ್ಟಿಕ್ ಸ್ಟಾಕ್ ಬೇಕು ಅನಿಸಿದರೆ ಮಳೆಗಾಲದ ಕಾರಣಕ್ಕೆ ನಾನು ಬೇಡ ಅನ್ನುವುದಿಲ್ಲ. ಆದರೆ ಹೊರದೇಶದ ವೆಬ್‌ಸೈಟಿನಿಂದ ತರಿಸಬೇಡಿ. ಕಾಯ್ದೆಯಲ್ಲಿ ಬಂದೂಕಿನ ಭಾಗಗಳೂ ‘ಶಸ್ತ್ರ’ವೇ, ಆಮದಿಗೆ ಲೈಸೆನ್ಸ್ ಬೇಕು. ಕಸ್ಟಮ್ಸ್‌ನವರು ಕರೆದಾಗ ‘ಬರೀ ಪ್ಲಾಸ್ಟಿಕ್ ಸಾರ್’ ಎನ್ನುವ ವಾದ ನಡೆಯುವುದಿಲ್ಲ. ಇಲ್ಲಿಯ ಲೈಸೆನ್ಸ್ ಅಂಗಡಿಯಲ್ಲಿ ಬಿಲ್ ಸಮೇತ ಸಿಕ್ಕರೆ ಸರಿ.

ಬೆಲೆಯ ಮಾತನ್ನೂ ಹೇಳಿಬಿಡುತ್ತೇನೆ. 1964ರಲ್ಲಿ ಖರ್ಚು ಇಳಿಸಲು ವಿಂಚೆಸ್ಟರ್ ಈ ರೈಫಲ್‌ನ ವಿನ್ಯಾಸವನ್ನೇ ಬದಲಿಸಿತು. ಬೋಲ್ಟ್‌ನ ಪಕ್ಕ ಉದ್ದಕ್ಕೆ ಮಲಗಿ ತೋಟಾದ ಅಂಚನ್ನು ಹುಲಿಯ ಉಗುರಿನಂತೆ ಹಿಡಿದು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರ್ ಇದೆಯಲ್ಲ, ಅದೂ ಹೋಯಿತು. ಅದಕ್ಕೇ 64ಕ್ಕಿಂತ ಹಿಂದಿನದು ಅಂದರೆ ತಿಳಿದವರು ಈಗಲೂ ಕತ್ತೆತ್ತಿ ನೋಡುತ್ತಾರೆ. ನಮ್ಮಲ್ಲಂತೂ 1980ರ ದಶಕದ ನಡುವಿನಿಂದ ಸಾಮಾನ್ಯರಿಗೆ ವಿದೇಶಿ ಬಂದೂಕು ತರುವ ದಾರಿಯೇ ಮುಚ್ಚಿದೆ. ದೇಶದಲ್ಲಿ ಇರುವುದು ಇರುವಷ್ಟೇ. ಒಂದರ ಬ್ಯಾರಲ್ ಮೋಟಾದರೆ ಅದನ್ನು ತುಂಬಿಕೊಡಲು ಇನ್ನೊಂದು ಬರುವುದಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಹತ್ತಿ ಕಡ್ಡಿಯಿಂದ ಶುರು ಮಾಡಿ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ತೋಟಾ ಇದ್ದರೆ ಗುರಿ ಪರೀಕ್ಷೆಗೆ ಅವನ್ನು ಬಳಸಬೇಡಿ. ಹಿತ್ತಾಳೆಗೆ ಹಸಿರು ಹಿಡಿದಿದ್ದರೆ, ಕುತ್ತಿಗೆಯಲ್ಲಿ ಕೂದಲಷ್ಟು ಸೀಳು ಕಂಡರೆ, ಅವನ್ನು ಲೈಸೆನ್ಸ್ ಅಂಗಡಿಗೆ ಒಪ್ಪಿಸಿ ರಸೀದಿ ತಗೊಳ್ಳಿ. ಒಂದೇ ಪೆಟ್ಟಿಗೆಯ ಹೊಸ ತೋಟಾದಲ್ಲಿ ಐದೈದರಂತೆ ಎರಡು ಸಲ ಕಾಗದಕ್ಕೆ ಹೊಡೆದು, ನಡುವೆ ಬ್ಯಾರಲ್ ತಣಿಯಲು ಬಿಡಿ. ಆ ಎರಡು ಕಾಗದಗಳ ಫೋಟೋ ಕಳಿಸಿ, ಆಮೇಲೆ ಬಾಯಿಯ ಮಾತಾಡೋಣ.